ನಾಲ್ಕು ನಿಮಿಷಕ್ಕೊಂದು ಬಕೆಟ್: ತಪ್ಪು ಟ್ಯಾಂಕಿನದೋ ಪೈಪಿನದೋ?

ಪ್ರಶ್ನೆ: ನಮ್ಮ ಮನೆ ಮೈಸೂರಿನ ಕುವೆಂಪುನಗರದಲ್ಲಿದೆ. 1994ರಲ್ಲಿ ಕಟ್ಟಿಸಿದ್ದು. ಕೆಳಗೆ ನಾವಿಬ್ಬರು, ಮಹಡಿಯಲ್ಲಿ ಮಗ, ಸೊಸೆ. ತಾರಸಿಯಲ್ಲಿ ಮೂರಡಿ ಕಟ್ಟೆಯ ಮೇಲೆ 1000 ಲೀಟರ್ ಟ್ಯಾಂಕ್, ಪಕ್ಕದಲ್ಲಿ ನೀರು ಕಾಯಿಸುವ ಟ್ಯೂಬ್ ಸೋಲಾರ್. ಪೈಪ್ ಎಲ್ಲ ಹಳೇ ಜಿಐ, ಅಂದರೆ ಸತು ಲೇಪಿಸಿದ ಕಬ್ಬಿಣದ್ದು. ಬೇಸಿಗೆಯಲ್ಲಿ ಬೋರ್‌ವೆಲ್ ನೀರನ್ನೂ ಟ್ಯಾಂಕಿಗೆ ಬಿಡುತ್ತೇವೆ. ಎರಡು ವರ್ಷದ ಹಿಂದೆ ಮಗ ಮಹಡಿಯ ಬಚ್ಚಲುಮನೆಗೆ ಸಿಪಿವಿಸಿ ಪೈಪ್ (ಬಿಸಿ ತಡೆಯುವ ಪ್ಲಾಸ್ಟಿಕ್), ಬಿಸಿನೀರು ತಣ್ಣೀರು ಬೆರೆಸುವ ವಾಲ್ ಮಿಕ್ಸರ್, ದೊಡ್ಡ ರೈನ್ ಶವರ್ ಹಾಕಿಸಿದ. ಶವರ್‌ನಲ್ಲಿ ನೀರು ಜಿನುಗುತ್ತದೆ ಅಷ್ಟೇ, ಬಿಸಿನೀರು ಇನ್ನೂ ಕಡಿಮೆ. ಮಹಡಿ ಬಚ್ಚಲ ತಣ್ಣೀರು ನಲ್ಲಿಯಲ್ಲಿ 15 ಲೀಟರ್ ಬಕೆಟ್ ತುಂಬಲು ನಾಲ್ಕು ನಿಮಿಷ ಬೇಕು. ಕೆಳಗೆ ಒಂದೂಕಾಲು ನಿಮಿಷ ಸಾಕು. ಪ್ಲಂಬರ್ ಪ್ರೆಷರ್ ಪಂಪ್ ಹಾಕಿಸಿ ಅನ್ನುತ್ತಾರೆ. ನಮ್ಮ ಭಾವಮೈದ 2000 ಲೀಟರ್ ಟ್ಯಾಂಕ್ ಹಾಕಿಸಿ ಅನ್ನುತ್ತಾನೆ. ಬೀದಿ ನೀರು ಸಂಪಿಗೆ ಬೀಳುವುದೂ ಈಚೆಗೆ ಸಣ್ಣಗಾಗಿದೆ. ಆ ಲೈನಿಗೆ ಮೋಟಾರ್ ಹಾಕಬಹುದೇ?
– ನಿವೃತ್ತ ಹೈಸ್ಕೂಲ್ ಮೇಷ್ಟ್ರು

ಉತ್ತರ: ಮೇಷ್ಟ್ರೇ, ನೀವು ಬಕೆಟ್ ಇಟ್ಟು ಗಡಿಯಾರ ನೋಡಿದ್ದೀರಲ್ಲ, ಅರ್ಧ ಕೆಲಸ ಅಲ್ಲೇ ಮುಗಿದಿದೆ. ನನ್ನ ಹತ್ತಿರ ಬರುವವರಲ್ಲಿ ಹೆಚ್ಚಿನವರು 'ಪ್ರೆಷರ್ ಇಲ್ಲ' ಅನ್ನುತ್ತಾರೆ. ಎಷ್ಟಿಲ್ಲ ಅಂತ ಕೇಳಿದರೆ ಕೈ ತೋರಿಸುತ್ತಾರೆ. ನಿಮ್ಮ ಎರಡು ಲೆಕ್ಕದಿಂದ ಬಹಳ ವಿಷಯ ಗೊತ್ತಾಗುತ್ತದೆ. ನಿಮ್ಮಲ್ಲಿ ಕಡಿಮೆ ಇರುವುದು ಒತ್ತಡವಷ್ಟೇ ಅಲ್ಲ. ನೀರು ಬರುವ ದಾರಿಯೇ ಕಟ್ಟಿಕೊಂಡಿದೆ.

ಹೇಗೆ ಅಂತ ಹೇಳುತ್ತೇನೆ. ಮೊದಲು ಭಾವಮೈದನವರ 2000 ಲೀಟರ್ ಟ್ಯಾಂಕನ್ನು ಪಕ್ಕಕ್ಕೆ ಇಟ್ಟುಬಿಡೋಣ. ನೀರಿನ ಒತ್ತಡ ನಿಂತಿರುವುದು ಎತ್ತರದ ಮೇಲೆ, ಅಗಲದ ಮೇಲಲ್ಲ. ಕೆಆರ್‌ಎಸ್ 124.80 ಅಡಿ ತುಂಬಿತು ಅಂದರೆ ನಮ್ಮ ಕಡೆ ಹಬ್ಬ, ಅಲ್ವಾ? 124.80 ಅಡಿ ಆಳದಲ್ಲಿ ನೀರು ಒತ್ತುವುದು ಚದರ ಸೆಂಟಿಮೀಟರ್‌ಗೆ ಸುಮಾರು 3.8 ಕೆಜಿ. ಒಂದು ಅರ್ಧ ಇಂಚು ಪೈಪನ್ನು ಅಷ್ಟೇ ಎತ್ತರಕ್ಕೆ ನೆಟ್ಟಗೆ ನಿಲ್ಲಿಸಿ ನೀರು ತುಂಬಿದರೆ ಅದರ ಬುಡದಲ್ಲೂ ಅದೇ 3.8 ಕೆಜಿ. ಹಿಂದೆ ಮೈಲಿಗಟ್ಟಲೆ ನೀರು ನಿಂತಿದ್ದರೂ ಅಷ್ಟೇ, ಅಂಗೈಯಗಲ ನಿಂತಿದ್ದರೂ ಅಷ್ಟೇ. ದೊಡ್ಡ ಟ್ಯಾಂಕ್ ಹಾಕಿದರೆ ನೀರು ಜಾಸ್ತಿ ದಿನ ಬರುತ್ತದೆ, ಜೋರಾಗಿ ಬರುವುದಿಲ್ಲ.

ನಮ್ಮ ಪ್ಲಂಬರ್‌ಗಳು 'ಎಷ್ಟು ಕೆಜಿ ಪ್ರೆಷರ್' ಅಂತ ಕೇಳುವುದು ಇದನ್ನೇ. ಸುಮಾರು 33 ಅಡಿ ಎತ್ತರದ ನೀರಿಗೆ ಒಂದು ಕೆಜಿ. ಈಗ ನಿಮ್ಮ ಮನೆ. ಕಟ್ಟೆ ಮೂರಡಿ, ಟ್ಯಾಂಕಿನಲ್ಲಿ ಅರ್ಧ ನೀರಿದ್ದರೆ ಎರಡಡಿ, ಸೂರಿನ ಕಾಂಕ್ರೀಟ್ ಅರ್ಧ ಅಡಿ. ಮಹಡಿಯ ಕೋಣೆ ಹತ್ತಡಿ ಎತ್ತರ, ನಲ್ಲಿ ನೆಲದಿಂದ ಎರಡಡಿ ಮೇಲೆ ಅಂತಿಟ್ಟುಕೊಂಡರೆ, ನೀರಿನ ಮಟ್ಟದಿಂದ ನಲ್ಲಿಗೆ ಹದಿಮೂರೂವರೆ ಅಡಿ. ಕೆಳಗಿನ ಮನೆಯ ನಲ್ಲಿಗೆ ಇನ್ನೊಂದು ಅಂತಸ್ತು ಸೇರಿ 24 ಅಡಿ. ಅಂದರೆ ಮೇಲೆ 0.4 ಕೆಜಿ, ಕೆಳಗೆ 0.7 ಕೆಜಿ.

ಇಲ್ಲೊಂದು ಸೂಕ್ಷ್ಮವಿದೆ. ಒತ್ತಡ ಎರಡರಷ್ಟಾದರೆ ಹರಿವು ಎರಡರಷ್ಟಾಗುವುದಿಲ್ಲ, ಅದರ ವರ್ಗಮೂಲದಷ್ಟು ಮಾತ್ರ ಏರುತ್ತದೆ. 24ನ್ನು ಹದಿಮೂರೂವರೆಯಿಂದ ಭಾಗಿಸಿ ವರ್ಗಮೂಲ ತೆಗೆಯಿರಿ, 1.33 ಬರುತ್ತದೆ. ಕೆಳಗೆ 75 ಸೆಕೆಂಡ್ ಆಗುವ ಬಕೆಟ್ ಮಹಡಿಯಲ್ಲಿ ಸುಮಾರು 100 ಸೆಕೆಂಡಿಗೆ ತುಂಬಬೇಕು. ನಿಮಗೆ ಆಗುತ್ತಿರುವುದು 240 ಸೆಕೆಂಡ್. ಟ್ಯಾಂಕಿಗೆ ಹತ್ತಿರ ಇರುವುದು ಮಹಡಿಯೇ, ಪೈಪಿನ ಉದ್ದವೂ ಕಡಿಮೆ. ಹಾಗಿದ್ದ ಮೇಲೆ ಇನ್ನೂ ಚೆನ್ನಾಗೇ ಬರಬೇಕಿತ್ತು. 100ರಿಂದ 240ರವರೆಗಿನ ಆ ಸೆಕೆಂಡುಗಳನ್ನು ಪೈಪ್, ವಾಲ್ವ್ ಅಥವಾ ನಲ್ಲಿ ತಿನ್ನುತ್ತಿದೆ.

ಇದೇ ಲೆಕ್ಕದಿಂದ ಇನ್ನೊಂದು ಮಾತು. ಕಟ್ಟೆ ಎತ್ತರಿಸಿ ಅಂತಲೂ ಯಾರಾದರೂ ಹೇಳಿಯೇ ಹೇಳುತ್ತಾರೆ. ಶವರ್ ನೆಲದಿಂದ ಏಳಡಿ ಮೇಲಿರುವುದರಿಂದ ಅದಕ್ಕೆ ಸಿಗುತ್ತಿರುವುದು ಎಂಟೂವರೆ ಅಡಿ ಮಾತ್ರ. ಟ್ಯಾಂಕನ್ನು ನಾಲ್ಕಡಿ ಏರಿಸಿದರೆ ಹನ್ನೆರಡೂವರೆ ಅಡಿಯಾಗುತ್ತದೆ, ಹರಿವು ಹೆಚ್ಚುವುದು ನೂರಕ್ಕೆ ಇಪ್ಪತ್ತರಷ್ಟು. ತುಂಬಿದ 1000 ಲೀಟರ್ ಟ್ಯಾಂಕಿನಲ್ಲಿ ನೀರೊಂದೇ ಒಂದು ಟನ್ ತೂಗುತ್ತದೆ. ಅದನ್ನು ಏಳಡಿ ಮೇಲೆ ನಿಲ್ಲಿಸಲು ಗೋಡೆ, ಪಿಲ್ಲರ್ ಎಲ್ಲಿದೆ ಅಂತ ನೋಡಿ ಕಬ್ಬಿಣದ ಸ್ಟ್ಯಾಂಡ್ ಮಾಡಿಸಬೇಕು. ಇಪ್ಪತ್ತು ಪರ್ಸೆಂಟಿಗೆ ಇಷ್ಟೆಲ್ಲ ಯಾಕೆ ಅನ್ನೋದು ನನ್ನ ಅಭಿಪ್ರಾಯ.

ಈಗ ಕಟ್ಟಿಕೊಂಡಿರುವ ಜಾಗ ಎಲ್ಲಿದೆ ಅಂತ ಹುಡುಕೋಣ. ಕಾಸು ಖರ್ಚಿಲ್ಲದ ಕಡೆಯಿಂದಲೇ ಶುರು ಮಾಡಿ.

ನಲ್ಲಿಯ ತುದಿಯಲ್ಲಿ ಒಂದು ಸಣ್ಣ ಜಾಲರಿ ಇದೆಯಾ ನೋಡಿ. ನೀರಿಗೆ ಗಾಳಿ ಬೆರೆಸಿ ನೊರೆ ನೊರೆಯಾಗಿ ಬೀಳಿಸುವ ಬಿಲ್ಲೆ ಅದು. ತಿರುಗಿಸಿದರೆ ಬಿಚ್ಚಿಕೊಳ್ಳುತ್ತದೆ. ಹೊಸ ಬಚ್ಚಲಿನಲ್ಲಿ ಅದರೊಳಗೆ ಸಿಮೆಂಟ್ ಚೂರು, ಟೆಫ್ಲಾನ್ ಟೇಪಿನ ಎಳೆ, ಪೈಪಿನ ತುಕ್ಕು ಎಲ್ಲ ಸೇರಿ ಕೂತಿರುತ್ತದೆ. ಶವರ್ ತಲೆಯನ್ನೂ ಬಿಚ್ಚಿ. ಬೋರ್‌ವೆಲ್ ನೀರು ಬಿಡುವ ಮನೆ ಅಂದ ಮೇಲೆ ತೂತುಗಳಲ್ಲಿ ಸುಣ್ಣ ಕಟ್ಟಿರುತ್ತದೆ. ಬಿಸಿನೀರಿಗೆ ಒಂದೆರಡು ಚಮಚ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಹಾಕಿ ಒಂದೆರಡು ಗಂಟೆ ನೆನೆಸಿ, ಹಳೇ ಟೂತ್‌ಬ್ರಷ್‌ನಿಂದ ಉಜ್ಜಿ. ವಿನೆಗರ್ ಆದರೂ ಸರಿ. ಕಕ್ಕಸು ತೊಳೆಯುವ ಆಸಿಡ್ ಮಾತ್ರ ಮುಟ್ಟಿಸಬೇಡಿ, ಮೇಲಿನ ಹೊಳಪೆಲ್ಲ ಎದ್ದು ಹೋಗುತ್ತದೆ. ಜಾಲರಿ ಹಾಕುವ ಮುಂಚೆ, ಬರೀ ನಲ್ಲಿಯಲ್ಲೇ ಮತ್ತೊಮ್ಮೆ ಬಕೆಟ್ ಇಟ್ಟು ನೋಡಿ. ನಾಲ್ಕು ನಿಮಿಷ ಎರಡಕ್ಕೆ ಇಳಿದರೆ ಅಲ್ಲಿಗೆ ಮುಗಿಯಿತು, ಮುಂದೆ ಓದುವುದೇ ಬೇಡ.

ಇಳಿಯಲಿಲ್ಲ ಅಂದರೆ ಮಹಡಿಯ ಬೇರೆ ನಲ್ಲಿಗಳನ್ನು ನೋಡಿ. ಅಡುಗೆಮನೆಯದು, ಬಟ್ಟೆ ಒಗೆಯುವ ಕಡೆಯದು. ಅಲ್ಲೆಲ್ಲ ಚೆನ್ನಾಗಿ ಬಂದು ಬಚ್ಚಲಲ್ಲಿ ಮಾತ್ರ ಸಣ್ಣಗೆ ಬಂದರೆ, ಬಚ್ಚಲಿಗೆ ಹೋಗುವ ಕವಲು ಪೈಪಿನಲ್ಲಿ ತೊಂದರೆ ಇದೆ. ಮಹಡಿ ಪೂರ್ತಿ ಸಣ್ಣಗೆ ಬರುತ್ತಿದ್ದರೆ, ಮಹಡಿಯ ಲೈನು ಟ್ಯಾಂಕಿನಿಂದ ಇಳಿಯುವ ಕಡೆ, ಅಲ್ಲಿರುವ ವಾಲ್ವ್‌ನಲ್ಲಿ.

ಆ ವಾಲ್ವ್ ಬಗ್ಗೆ ಎರಡು ಮಾತು ಜಾಸ್ತಿ ಹೇಳಬೇಕು. ನಿಮ್ಮ ಕಾಲದ ಮನೆಗಳಲ್ಲಿ ಟ್ಯಾಂಕಿನ ಬಾಯಿಗೆ ಹಿತ್ತಾಳೆಯ ಗೇಟ್ ವಾಲ್ವ್ ಇರುತ್ತದೆ, ಚಕ್ರ ತಿರುಗಿಸುವಂಥದ್ದು. ವರ್ಷಗಟ್ಟಲೆ ಮುಟ್ಟದೆ ಬಿಟ್ಟು, ಒಂದು ದಿನ ಟ್ಯಾಂಕ್ ತೊಳೆಯಲು ಅಂತ ಬಲವಂತವಾಗಿ ತಿರುಗಿಸಿದರೆ ಒಳಗಿನ ಕಡ್ಡಿ ತುಂಡಾಗುತ್ತದೆ. ಮೇಲೆ ಚಕ್ರ ಸುಮ್ನೆ ತಿರುಗುತ್ತಿರುತ್ತದೆ, ತೆರೆದಿದೆ ಅಂತ ನಾವು ಅಂದುಕೊಂಡಿರುತ್ತೇವೆ. ಒಳಗೆ ಗೇಟು ಅರ್ಧಕ್ಕೆ ಜೋತು ಬಿದ್ದಿರುತ್ತದೆ. ಸರಸ್ವತಿಪುರದ ಒಂದು ಮನೆಯಲ್ಲಿ ಪಂಪ್ ಹಾಕಿದ ಮೇಲೂ ನೀರು ಬರುತ್ತಿಲ್ಲ ಅಂತ ನನ್ನನ್ನು ಕರೆದರು. ಪಂಪ್ ಹಸಿದ ಮಗುವಿನ ಹಾಗೆ ಅರಚುತ್ತಿತ್ತು. ವಾಲ್ವ್ ಬಿಚ್ಚಿದರೆ ಗೇಟು ಮುಕ್ಕಾಲು ಮುಚ್ಚಿಕೊಂಡು ಕೂತಿದೆ. ಒಂದು ಬಾಲ್ ವಾಲ್ವ್ ಹಾಕಿದೆವು. ಪಂಪ್ ಆಫ್ ಮಾಡಿದರೂ ನೀರು ಚೆನ್ನಾಗೇ ಬಂತು. ಪಂಪ್ ವಾಪಸ್ ಕೊಡಲು ಅಂಗಡಿಗೆ ಹೋದರೆ ಅಂಗಡಿಯವರು ತೆಗೆದುಕೊಳ್ಳಲಿಲ್ಲ, ಅದು ಬೇರೆ ಕಥೆ.

ಪರೀಕ್ಷೆ ಸುಲಭ. ವಾಲ್ವ್ ಆದ ಮೇಲೆ ಇರುವ ಯೂನಿಯನ್ (ಪೈಪ್ ಕತ್ತರಿಸದೆ ಬಿಚ್ಚಬಹುದಾದ ಜಾಯಿಂಟ್) ಬಿಚ್ಚಿಸಿ, ಅಲ್ಲೇ ಬಕೆಟ್ ಹಿಡಿಯಿರಿ. ಒಂದು ಇಂಚಿನ ಬಾಯಿಯಾದರೆ 15 ಲೀಟರ್ ಅರ್ಧ ನಿಮಿಷದೊಳಗೆ ತುಂಬಬೇಕು. ತುಂಬಲಿಲ್ಲ ಅಂದರೆ ವಾಲ್ವ್ ಬದಲಿಸಿ, ಟ್ಯಾಂಕಿನ ತಳದಲ್ಲಿ ಕೂತ ಕೆಸರನ್ನೂ ತೆಗೆಸಿ.

ಅಲ್ಲಿ ಧಾರಾಳವಾಗಿ ಬಂದರೆ ಉಳಿದದ್ದು ಪೈಪ್. ನಿಮ್ಮದು ಮೂವತ್ತು ವರ್ಷ ದಾಟಿದ ಜಿಐ, ಜೊತೆಗೆ ಬೋರ್ ನೀರು. ನನಗೆ ಅನುಮಾನ ಹೆಚ್ಚು ಇರುವುದು ಇಲ್ಲೇ. ಹಂಡೆಯ ತಳದಲ್ಲಿ ಬೆಳ್ಳಗೆ ಪದರ ಕಟ್ಟುತ್ತದಲ್ಲ, ಪೈಪಿನೊಳಗೆ ಆ ಸುಣ್ಣದ ಜೊತೆ ತುಕ್ಕೂ ಸೇರಿಕೊಳ್ಳುತ್ತದೆ. ಹಳೇ ಪೈಪ್ ತುಂಡು ಮಾಡಿ ನೋಡಿದರೆ ಪೆನ್ಸಿಲ್ ತೂರುವಷ್ಟು ಜಾಗ ಉಳಿದಿರುವುದನ್ನು ನಾನು ಎಷ್ಟೋ ಮನೆಯಲ್ಲಿ ಕಂಡಿದ್ದೇನೆ. ತೂತು ಕಿರಿದಾದರೆ ಹರಿವು ಅದೇ ಪ್ರಮಾಣದಲ್ಲಿ ಕಡಿಮೆಯಾಗುವುದಿಲ್ಲ, ವಿಪರೀತ ಕಡಿಮೆಯಾಗುತ್ತದೆ. 15 ಮಿಲಿಮೀಟರ್ ತೂತು 8ಕ್ಕೆ ಇಳಿದರೆ ಅಳತೆ ಅರ್ಧವಾಯಿತು, ಆದರೆ ಅದೇ ಒತ್ತಡಕ್ಕೆ ಹರಿಯುವ ನೀರು ಸುಮಾರು ಐದನೇ ಒಂದು ಭಾಗ. ಇದನ್ನೇ ತಿರುಗಿಸಿ ಹೇಳಿದರೆ, ಅರ್ಧ ಇಂಚಿನ ಬದಲು ಮುಕ್ಕಾಲು ಇಂಚು ಹಾಕಿದರೆ ಎರಡೂವರೆ ಪಟ್ಟಿಗಿಂತ ಜಾಸ್ತಿ, ಒಂದು ಇಂಚು ಹಾಕಿದರೆ ಐದು ಪಟ್ಟು ದಾಟುತ್ತದೆ. ಟ್ಯಾಂಕನ್ನು ನಾಲ್ಕಡಿ ಏರಿಸಿದರೆ ಬರುವ ಇಪ್ಪತ್ತು ಪರ್ಸೆಂಟನ್ನು ಇದರ ಪಕ್ಕ ಇಟ್ಟು ನೋಡಿ.

ಪೈಪ್ ಬದಲಿಸುವಾಗ ಆಗುವ ತಪ್ಪು ಒಂದಿದೆ. ನಿಮ್ಮ ಮಗನ ಬಚ್ಚಲಲ್ಲೂ ಅದೇ ಆಗಿರಬಹುದು. ಅರ್ಧ ಇಂಚು ಜಿಐ ತೆಗೆದು ಅರ್ಧ ಇಂಚು ಸಿಪಿವಿಸಿ ಹಾಕುತ್ತಾರೆ. ಹೆಸರಿಗೆ ಎರಡೂ ಅರ್ಧ ಇಂಚು. ಆದರೆ ಜಿಐ ಒಳಗೆ ಸುಮಾರು 16 ಮಿಲಿಮೀಟರ್ ಇದ್ದರೆ, ದಪ್ಪ ಗೋಡೆಯ ಸಿಪಿವಿಸಿ ಒಳಗೆ ಇರುವುದು 12ರ ಆಸುಪಾಸು. ಪಿಪಿಆರ್ ಅನ್ನುವ ಇನ್ನೊಂದು ಬಗೆಯ ಪ್ಲಾಸ್ಟಿಕ್ ಪೈಪಿನ ಗೋಡೆ ಇನ್ನೂ ದಪ್ಪ. ಅದಕ್ಕೇ ನಾನು ಯಾವಾಗಲೂ ಒಂದು ಸೈಜ್ ಮೇಲಕ್ಕೆ ಹೋಗಿ ಅನ್ನುವುದು. ಟ್ಯಾಂಕಿನಿಂದ ಇಳಿಯುವ ಪೈಪ್ ಒಂದೂಕಾಲು ಇಂಚು, ಬಚ್ಚಲ ಬಾಗಿಲವರೆಗೆ ಒಂದು ಇಂಚು, ಗೋಡೆಯೊಳಗೆ ಮುಕ್ಕಾಲು, ನಲ್ಲಿಯ ಬಾಯಲ್ಲಿ ಮಾತ್ರ ಅರ್ಧ. ಬಿಸಿನೀರಿಗೆ ಸಿಪಿವಿಸಿ ಇಲ್ಲವೇ ಪಿಪಿಆರ್ ಆಗಬೇಕು, ತಣ್ಣೀರಿಗೆ ಹಾಕುವ ಯುಪಿವಿಸಿ ಪ್ಲಾಸ್ಟಿಕ್ ಪೈಪ್ ಬಿಸಿನೀರಿಗೆ ಆಗುವುದಿಲ್ಲ. ಗೋಡೆ ಒಡೆಯುವುದಕ್ಕೆ ಸೊಸೆ ಒಪ್ಪುವುದಿಲ್ಲ ಅಂದರೆ ಹೊರಗೋಡೆಯ ಮೇಲೆ ಹೊಸ ಲೈನ್ ಇಳಿಸಿ ಬಚ್ಚಲೊಳಗೆ ಒಂದೇ ಕಡೆ ತೂರಿಸಬಹುದು. ಬಿಸಿಲು ಬೀಳುವ ಕಡೆ ಪೈಪಿಗೆ ಬಣ್ಣ ಬಳಿಸಿ. ಒಳಗಿನ ಟೈಲ್ಸ್ ಹಾಗೇ ಉಳಿಯುತ್ತವೆ.

ಬಿಸಿನೀರು ಇನ್ನೂ ಕಡಿಮೆ ಅಂದಿರಿ. ಎರಡು ಕಾರಣ ಇರಬಹುದು. ನೀರು ಕಾದಾಗ ಅದರಲ್ಲಿರುವ ಸುಣ್ಣ ಬಿಟ್ಟುಕೊಳ್ಳುತ್ತದೆ, ಹಾಗಾಗಿ ಬಿಸಿನೀರಿನ ಪೈಪ್ ತಣ್ಣೀರಿನದಕ್ಕಿಂತ ಬೇಗ ಕಟ್ಟುತ್ತದೆ. ಎರಡನೆಯದು ಗಾಳಿ. ಸೋಲಾರ್‌ನಿಂದ ಬರುವ ಪೈಪ್ ಸಜ್ಜಾದ ಮೇಲೋ ಕಿಟಕಿಯ ಮೇಲೋ ಒಮ್ಮೆ ಹತ್ತಿ ಇಳಿದಿದ್ದರೆ ಆ ಗೂನಿನಲ್ಲಿ ಗಾಳಿ ಸಿಕ್ಕಿಕೊಳ್ಳುತ್ತದೆ. ನಿಮ್ಮಂಥ ಕಡಿಮೆ ಒತ್ತಡಕ್ಕೆ ಅದನ್ನು ತಳ್ಳುವ ಶಕ್ತಿ ಇರುವುದಿಲ್ಲ. ಟ್ಯಾಂಕ್ ಒಮ್ಮೆ ಖಾಲಿಯಾಗಿ ಮತ್ತೆ ತುಂಬಿದ ಮೇಲೆ ನೀರು ಬಿಕ್ಕಳಿಸುತ್ತಾ ಬರುತ್ತದೆಯಾ? ಹಾಗಿದ್ದರೆ ಗಾಳಿಯೇ. ಮಹಡಿಯ ಬಿಸಿನೀರಿನ ನಲ್ಲಿಗಳನ್ನೆಲ್ಲ ಮುಚ್ಚಿ, ಕೆಳಗಿನ ಮನೆಯ ಬಿಸಿನೀರಿನ ನಲ್ಲಿಯನ್ನು ಪೂರ್ತಿ ತೆರೆದು ಐದು ನಿಮಿಷ ಬಿಡಿ. ಆಮೇಲೆ ಅದನ್ನು ಮುಚ್ಚಿ ಮೇಲಿನದನ್ನು ತೆರೆಯಿರಿ. ಪದೇ ಪದೇ ಹೀಗಾಗುತ್ತಿದ್ದರೆ ಪೈಪಿನ ಗೂನು ತೆಗೆಸಬೇಕು. ಜೊತೆಗೆ ತಾರಸಿಯಲ್ಲಿ ಸೋಲಾರ್‌ನ ಗಾಳಿ ಹೊರಹೋಗುವ ಏರ್ ಪೈಪ್ ಇದೆಯಾ ನೋಡಿ, ಅದರ ಬಾಯಿ ಟ್ಯಾಂಕಿನ ನೀರಿನ ಮಟ್ಟಕ್ಕಿಂತ ಮೇಲೆ ತೆರೆದಿರಬೇಕು. ಚೆಂದ ಕಾಣುವುದಿಲ್ಲ ಅಂತ ಅದನ್ನು ಕತ್ತರಿಸಿ ಮುಚ್ಚಳ ಹಾಕಿದ ಮನೆಗಳಿವೆ. ಕಾಗೆ ಕೂರುತ್ತದೆ ಅಂತ ಕತ್ತರಿಸಿದವರೂ ಇದ್ದಾರೆ!

ಇನ್ನು ಪ್ಲಂಬರ್ ಹೇಳಿದ ಪಂಪ್. ಪಂಪ್ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಪೈಪ್ ಸರಿಯಿದ್ದು, ಎತ್ತರ ಒಂದೇ ಸಾಲದೆ ಇರುವ ಮನೆಗೆ ಅದೇ ದಾರಿ. ಆದರೆ ನಿಮ್ಮ ಮನೆಯ ಈಗಿನ ಸ್ಥಿತಿಯಲ್ಲಿ ಬೇಡ ಅನ್ನಲು ಎರಡು ಗಟ್ಟಿ ಕಾರಣ ಇವೆ. ಹಳೇ ಜಿಐ ಪೈಪಿನ ಎಷ್ಟೋ ಜಾಯಿಂಟ್‌ಗಳು ತುಕ್ಕಿನ ಮೇಲೇ ನಿಂತಿರುತ್ತವೆ. 0.4 ಕೆಜಿಗೆ ಒಗ್ಗಿಕೊಂಡ ಜಾಯಿಂಟ್‌ಗೆ ಒಂದೂವರೆ, ಎರಡು ಕೆಜಿ ಕೊಟ್ಟರೆ ಗೋಡೆಯೊಳಗೇ ಸೋರಲು ಶುರುವಾಗುತ್ತದೆ. ನಿಮಗೆ ಗೊತ್ತಾಗುವುದು ಆರು ತಿಂಗಳಾದ ಮೇಲೆ, ಕೆಳಗಿನ ಸೂರಿನ ಬಣ್ಣ ಉದುರಿದಾಗ.

ಎರಡನೆಯದು ಇನ್ನೂ ಮುಖ್ಯ. ನಿಮ್ಮದು ಟ್ಯೂಬ್ ಸೋಲಾರ್. ಇಂಥವುಗಳ ಟ್ಯಾಂಕ್ ಸಾಮಾನ್ಯವಾಗಿ ಒತ್ತಡ ತಡೆಯುವುದಿಲ್ಲ. ಪಂಪಿನ ನೀರನ್ನು ಅದಕ್ಕೆ ನೇರ ಕೊಟ್ಟರೆ ಟ್ಯಾಂಕ್ ಸೀಳಬಹುದು. ಸರಿ, ತಣ್ಣೀರಿಗೆ ಮಾತ್ರ ಪಂಪ್ ಕೊಡೋಣ ಅಂದರೆ ಬೇರೆ ಪೇಚಾಟ. ವಾಲ್ ಮಿಕ್ಸರ್‌ನಲ್ಲಿ ಎರಡೂ ಸೇರುವ ಕಡೆ ಜೋರಾದ ತಣ್ಣೀರು ಬಿಸಿನೀರನ್ನು ಹಿಂದಕ್ಕೆ ತಳ್ಳುತ್ತದೆ. ಶವರ್‌ನಲ್ಲಿ ಬರೀ ತಣ್ಣೀರು, ತಾರಸಿಯಲ್ಲಿ ಸೋಲಾರ್‌ನ ಏರ್ ಪೈಪಿನಿಂದ ನೀರು ಉಕ್ಕಿ ಹರಿಯುತ್ತಿರುತ್ತದೆ. ಮುಂದೆ ಎಂದಾದರೂ ಪಂಪ್ ಹಾಕಿಸುವುದಾದರೆ ಸೋಲಾರ್ ಆದ ಮೇಲಿನ ಬಿಸಿನೀರಿನ ಲೈನಿಗೂ ಬಿಸಿ ತಡೆಯುವ ಪಂಪ್ ಬೇಕು, ಎರಡೂ ಸಮಬಲದಲ್ಲಿರಬೇಕು. ಪಕ್ಕದಲ್ಲಿ ಎನ್‌ಆರ್‌ವಿ (ನೀರನ್ನು ಹಿಂದಕ್ಕೆ ಬಿಡದ ವಾಲ್ವ್) ಹಾಕಿದ ಒಂದು ಬೈಪಾಸ್ ಪೈಪೂ ಇರಲಿ, ಕರೆಂಟ್ ಹೋದಾಗ ಪಂಪಿನ ಹಂಗಿಲ್ಲದೆ ನೀರು ಇಳಿಯುತ್ತದೆ. ನಿಮ್ಮ ಪ್ಲಂಬರ್‌ಗೆ ಈ ಸೋಲಾರ್ ಪ್ರಶ್ನೆ ಕೇಳಿ. ಅವರು ತಟ್ಟನೆ ಉತ್ತರ ಕೊಟ್ಟರೆ ಒಳ್ಳೇ ಪ್ಲಂಬರ್, ಬಿಡಬೇಡಿ.

ಕೊನೆಗೆ ಬೀದಿ ನೀರು. ಇದು ಬೇರೆಯೇ ವಿಷಯ, ಶವರ್‌ಗೂ ಇದಕ್ಕೂ ಸಂಬಂಧವಿಲ್ಲ. ನಮ್ಮೂರಿಗೆ ಕಾವೇರಿ, ಕಬಿನಿ ಎರಡೂ ಹತ್ತಿರ ಇದ್ದರೂ ನೀರು ತಾನಾಗಿ ಹರಿದು ಬರುವುದಿಲ್ಲ. ಹೊಂಗಳ್ಳಿ, ಬೆಳಗೊಳ, ಮೇಳಾಪುರದಲ್ಲಿ ಮತ್ತು ಕಬಿನಿ ಕಡೆ ಬಿದರಗೂಡಿನಲ್ಲಿ ಪಂಪ್ ಮಾಡಿ, ಎತ್ತರದ ಟ್ಯಾಂಕ್‌ಗಳಿಗೆ ಏರಿಸಿ, ಅಲ್ಲಿಂದ ಬೀದಿಗೆ ಬಿಡುತ್ತಾರೆ. ಯಾದವಗಿರಿ, ವಿಜಯನಗರದ ದಿಬ್ಬದ ಮೇಲೆ ದೊಡ್ಡ ಟ್ಯಾಂಕ್‌ಗಳು ಯಾಕಿವೆ ಅಂದರೆ ಇದಕ್ಕೇ. ನಿಮ್ಮ ತಾರಸಿಯ ಲೆಕ್ಕವೇ, ಊರಿನ ಅಳತೆಯಲ್ಲಿ.

ಬೀದಿ ಲೈನಿಗೆ ನೇರ ಮೋಟಾರ್ ಹಾಕಬೇಡಿ. ಅದಕ್ಕೆ ಅನುಮತಿ ಇಲ್ಲ ಅನ್ನುವುದು ಒಂದು. ಅದಕ್ಕಿಂತ ನಿಮಗೇ ಅಪಾಯ. ಮೋಟಾರ್ ಎಳೆದಾಗ ಪೈಪಿನೊಳಗೆ ಒತ್ತಡದ ಬದಲು ಸೆಳೆತ ಹುಟ್ಟುತ್ತದೆ. ನೆಲದಡಿಯಲ್ಲಿ ಎಲ್ಲೋ ಜಾಯಿಂಟ್ ಬಿರುಕು ಬಿಟ್ಟಿದ್ದರೆ, ಪಕ್ಕದಲ್ಲೇ ಚರಂಡಿ ನೀರು ನಿಂತಿದ್ದರೆ, ಅದೂ ಪೈಪಿನೊಳಕ್ಕೆ ಬರುತ್ತದೆ. ಆ ನೀರು ಬೀಳುವುದು ನಿಮ್ಮ ಸಂಪಿಗೇ.

ಅದರ ಬದಲು ಪಕ್ಕದ ಮನೆಯವರನ್ನು ವಿಚಾರಿಸಿ. ಅವರಿಗೂ ಸಣ್ಣಗೆ ಬರುತ್ತಿದ್ದರೆ ಬೀದಿಯಲ್ಲೇ ಏನೋ ಆಗಿದೆ, ಎಲ್ಲರೂ ಸೇರಿ ವಾಣಿವಿಲಾಸ ವಾಟರ್ ವರ್ಕ್ಸ್ ಕಚೇರಿಗೆ ಒಂದು ಅರ್ಜಿ ಕೊಡಿ. ಅವರಿಗೆ ಚೆನ್ನಾಗಿ ಬಂದು ನಿಮಗೆ ಮಾತ್ರ ಇಲ್ಲ ಅಂದರೆ ಬೀದಿ ಪೈಪಿನಿಂದ ನಿಮ್ಮ ಸಂಪಿನವರೆಗೆ ನೋಡಬೇಕು. ಮೊದಲು ಸಂಪಿನ ಫ್ಲೋಟ್ ವಾಲ್ವ್ ಬಿಚ್ಚಿ ನೋಡಿ. ಎಷ್ಟೋ ಫ್ಲೋಟ್‌ಗಳ ಒಳಗಿನ ತೂತು ಕಡ್ಲೆಕಾಳಿನಷ್ಟೂ ಇರುವುದಿಲ್ಲ. ದೊಡ್ಡ ಬಾಯಿಯದು ಹಾಕಿಸಿ. ಬದಲಿಸುವಾಗ ಪೈಪಿನ ಬಾಯಿ ಸಂಪು ತುಂಬಿದಾಗಲೂ ನೀರಿಗಿಂತ ಮೇಲೇ ಇರಲಿ, ಮುಳುಗಿದ್ದರೆ ಬೀದಿಯಲ್ಲಿ ನೀರು ನಿಂತಾಗ ನಿಮ್ಮ ಸಂಪಿನ ನೀರು ಹಿಂದಕ್ಕೆ ಸೆಳೆದುಕೊಂಡು ಹೋಗುತ್ತದೆ. ಮೀಟರಿನ ಬಾಯಲ್ಲಿ ಜಾಲರಿ ಇರುತ್ತದೆ, ಅದರಲ್ಲಿ ಮರಳು ಕಟ್ಟುತ್ತದೆ. ಬೀದಿ ಪೈಪಿಗೆ ನಿಮ್ಮ ಪೈಪ್ ಸೇರುವ ಫೆರೂಲ್ ಕೂಡ ಕಟ್ಟಬಹುದು. ಇವೆರಡನ್ನೂ ನೀವು ಮುಟ್ಟಬೇಡಿ, ಸೀಲ್ ಇರುತ್ತದೆ. ಕಚೇರಿಯವರನ್ನೇ ಕರೆಸಿ.

ಇನ್ನೊಂದು ವಿಷಯ ಇದೆ, ಇದನ್ನು ಮಗ ಸೊಸೆಗೆ ನೀವೇ ನಿಧಾನವಾಗಿ ಹೇಳಬೇಕು. ವಾಲ್ವ್, ಪೈಪ್ ಎಲ್ಲ ಸರಿ ಮಾಡಿದ ಮೇಲೆ ಬಕೆಟ್ ಒಂದೂಮುಕ್ಕಾಲು ನಿಮಿಷಕ್ಕಿಂತ ಬೇಗ ತುಂಬುತ್ತದೆ, ಆ ಬಗ್ಗೆ ನನಗೆ ಧೈರ್ಯ ಇದೆ. ಆದರೆ ಆ ದೊಡ್ಡ ರೈನ್ ಶವರ್ ಜಾಹೀರಾತಿನಲ್ಲಿ ಕಂಡ ಹಾಗೆ ಸುರಿಯುವುದಿಲ್ಲ. ಎಂಟೂವರೆ ಅಡಿ ಅಂದರೆ ಕಾಲು ಕೆಜಿ. ಅಂಥ ಶವರ್‌ಗಳಿಗೆ ಸಾಮಾನ್ಯವಾಗಿ ಅರ್ಧದಿಂದ ಒಂದು ಕೆಜಿ ಬೇಕು. ಅದರ ಪಕ್ಕಕ್ಕೆ ಒಂದು ಕೈ ಶವರ್ ಹಾಕಿಸಿ. ಹೆಗಲ ಮಟ್ಟದಲ್ಲಿ ಹಿಡಿದರೆ ಎರಡಡಿ ಎತ್ತರ ಪುಕ್ಕಟೆ ಸಿಗುತ್ತದೆ, ತೂತೂ ಕಡಿಮೆ ಇರುವುದರಿಂದ ನೀರು ಮೈಗೆ ತಾಗುವಷ್ಟು ಜೋರಾಗಿ ಬರುತ್ತದೆ. ತಲೆಗೆ ಎಣ್ಣೆ ಹಚ್ಚಿಕೊಂಡ ದಿನ ಮಾತ್ರ ಬಕೆಟ್, ಚೊಂಬೇ ವಾಸಿ. ನಮ್ಮ ಮನೆಯಲ್ಲೂ ಅದೇ.